ಆ ಪಾತ್ರಕ್ಕೆ ಮನೆ ಇದೆಯೇ?

ಕೆಲವು ವರ್ಷಗಳ ಹಿಂದೆ, ಆರು ತಿಂಗಳ ಮಟ್ಟಿಗೆ, ಒಂದು ಧಾರಾವಾಹಿಗೆ ಸಂಭಾಷಣೆ ಬರೆಯುವ ತಂಡದಲ್ಲಿದ್ದೆ. ರಾತ್ರಿ ಒನ್‌ಲೈನ್ ಬರುತ್ತಿತ್ತು. ಬೆಳಿಗ್ಗೆ ಮೊದಲ ಶಾಟ್ ಇಡುವುದರೊಳಗೆ ಸೀನ್ ಪೇಪರ್ ಸೆಟ್ಟಿನಲ್ಲಿರಬೇಕು. ಒಂದು ರಾತ್ರಿ ಬಂದ ಒನ್‌ಲೈನ್ ಹೀಗಿತ್ತು: ‘ಅಡುಗೆಮನೆ. ಅತ್ತೆ, ಸೊಸೆ, ಕೆಲಸದವಳು. ಕೆಲಸದವಳು ಗುಟ್ಟು ಕೇಳಿಸಿಕೊಳ್ಳುತ್ತಾಳೆ.’ ಹೆಸರಿರಲಿಲ್ಲ. ಪ್ರತಿ ಸಾಲಿಗೂ ‘ಕೆಲಸದವಳು’ ಎಂದು ಬರೆಯಲು ಬೇಜಾರಾಗಿ ‘ನೀಲವ್ವ’ ಎಂದು ಹಾಕಿದೆ. ಮೇಲಿನವರ ಫೋನ್ ಬಂತು. ‘ನೀಲವ್ವ ಅಂದ್ರೆ ಹುಬ್ಬಳ್ಳಿ ಕಡೆಯೋಳಲ್ವಾ? ಹಾಗಾದ್ರೆ ಮಾತೂ ಆ ಕಡೇದೇ ಹಾಕಿ, ಸ್ವಲ್ಪ ಕಾಮಿಡಿ ಬರುತ್ತೆ.’ ಹಾಕಿದೆ.

ಪಾತ್ರ ಮಾಡಿದ ನಟಿ ತುಮಕೂರಿನ ಕಡೆಯವರು. ಧಾರಾವಾಹಿ ಸೆಟ್ಟುಗಳಲ್ಲಿ ಮಾತು ಬಾಯಿಪಾಠ ಮಾಡಲು ಪುರುಸೊತ್ತಿರುವುದಿಲ್ಲ. ಕ್ಯಾಮೆರಾದ ಪಕ್ಕ ನಿಂತ ಸಹಾಯಕ ನಿರ್ದೇಶಕ ಒಂದೊಂದೇ ಸಾಲು ಪ್ರಾಂಪ್ಟ್ ಮಾಡುತ್ತಾನೆ, ನಟರು ಹೇಳುತ್ತ ಹೋಗುತ್ತಾರೆ. ಅವತ್ತು ಪ್ರಾಂಪ್ಟ್ ಮಾಡುತ್ತಿದ್ದವನು ಹಾಸನದ ಹುಡುಗ. ಹಾಸನದ ಬಾಯಿಂದ ಹೊರಟು ತುಮಕೂರಿನ ಕಿವಿ ಹೊಕ್ಕು ಹೊರಬಿದ್ದ ಆ ಹುಬ್ಬಳ್ಳಿ ಕನ್ನಡ ಯಾವ ಊರಿನದೂ ಆಗಿರಲಿಲ್ಲ. ಸಿಕ್ಕಲ್ಲೆಲ್ಲ ಒಂದೊಂದು ‘ರೀ’. ಸೆಟ್ಟಿನಲ್ಲಿ ಎಲ್ಲರೂ ನಕ್ಕರು, ನಾನೂ ನಕ್ಕೆ. ಶಾಟ್ ಮುಗಿದ ಮೇಲೆ ಆ ನಟಿ ಹತ್ತಿರ ಬಂದು ಕೇಳಿದರು: ‘ಸರ್, ಈ ನೀಲವ್ವಂಗೆ ಮನೆ ಎಲ್ಲಿ? ಮನೇಲಿ ಯಾರ್ಯಾರಿದಾರೆ?’ ನನ್ನ ಹತ್ತಿರ ಉತ್ತರವಿರಲಿಲ್ಲ. ಕಥೆಯಲ್ಲಿ ಅವಳಿಗೆ ಮನೆಯೇ ಇರಲಿಲ್ಲ. ಅತ್ತೆಯ ಅಡುಗೆಮನೆಯಲ್ಲಿ ಹುಟ್ಟಿ, ಸೀನ್ ಮುಗಿದ ಕೂಡಲೇ ಅಲ್ಲೇ ಮಾಯವಾಗುತ್ತಿದ್ದಳು.

ಧಾರಾವಾಹಿಯಲ್ಲಿ, ಟೆಲಿಚಿತ್ರದಲ್ಲಿ, ವೆಬ್ ಸರಣಿಯಲ್ಲಿ ವೈವಿಧ್ಯ ಎಷ್ಟಿದೆ, ಯಾರಿಗೆ ಪ್ರಾತಿನಿಧ್ಯ ಸಿಕ್ಕಿದೆ ಎಂಬ ಚರ್ಚೆ ಈಚೆಗೆ ಜೋರಾಗಿದೆ. ಚರ್ಚೆ ಬಹುಪಾಲು ತಲೆ ಎಣಿಸುವುದರಲ್ಲೇ ಮುಗಿದುಹೋಗುತ್ತದೆ. ಎಣಿಸುವುದು ಬೇಡವೆಂದಲ್ಲ. ಆದರೆ ಎಣಿಕೆಯ ಲೆಕ್ಕದಲ್ಲಿ ನೀಲವ್ವನೂ ಒಬ್ಬಳು: ಹೆಣ್ಣು, ದುಡಿಯುವ ವರ್ಗ, ಉತ್ತರ ಕರ್ನಾಟಕ. ಮೂರು ಕಾಲಂಗಳಲ್ಲಿ ಮೂರು ಟಿಕ್ ಮಾರ್ಕು.

ಇಂಥ ಕಾಲಂಗಳಲ್ಲಿ ಹೆಚ್ಚು ಹೆಸರಾದದ್ದು ಬೆಕ್ಡೆಲ್ ಪರೀಕ್ಷೆ. 1985ರಲ್ಲಿ ಅಮೆರಿಕದ ವ್ಯಂಗ್ಯಚಿತ್ರಕಾರ್ತಿ ಅಲಿಸನ್ ಬೆಕ್ಡೆಲ್ ತಮ್ಮ ಕಾಮಿಕ್ಸ್‌ನ ಒಂದು ಕಂತಿನಲ್ಲಿ ತಮಾಷೆಯ ಧಾಟಿಯಲ್ಲಿ ಇಟ್ಟ ಮೂರು ಷರತ್ತು ಅದು: ಚಿತ್ರದಲ್ಲಿ ಇಬ್ಬರು ಹೆಂಗಸರಿರಬೇಕು, ಅವರು ತಮ್ಮತಮ್ಮಲ್ಲಿ ಮಾತಾಡಬೇಕು, ಆ ಮಾತು ಗಂಡಸಿನ ವಿಷಯ ಬಿಟ್ಟು ಬೇರೆಯದಾಗಿರಬೇಕು. ಹಾಲಿವುಡ್ಡಿನ ಎಷ್ಟೋ ದೊಡ್ಡ ಚಿತ್ರಗಳು ಇಷ್ಟರಲ್ಲೇ ಫೇಲಾಗುತ್ತವೆ. ನಮ್ಮ ಧಾರಾವಾಹಿಗಳೋ, ಮೊದಲ ಬ್ರೇಕ್‌ಗೆ ಮುಂಚೆಯೇ ಫಸ್ಟ್ ಕ್ಲಾಸಿನಲ್ಲಿ ಪಾಸು. ಹಾಲಿಗೆ ಏನು ಬೆರೆಸಬೇಕು, ಬೀರುವಿನ ಕೀಲಿ ಯಾರ ಸೊಂಟದಲ್ಲಿದೆ, ಎಲ್ಲವೂ ಹೆಂಗಸರ ನಡುವಿನ ಮಾತೇ. ಪರೀಕ್ಷೆ ಕೆಟ್ಟದ್ದಲ್ಲ, ಆ ಊರಿನ ಕಾಯಿಲೆಗೆ ಬರೆದ ಚೀಟಿ ಅದು.

2024ರ ಆಸ್ಕರ್‌ನಿಂದ ಅತ್ಯುತ್ತಮ ಚಿತ್ರದ ಸ್ಪರ್ಧೆಗೆ ಬರುವವರು ನಾಲ್ಕು ಮಾನದಂಡಗಳಲ್ಲಿ ಎರಡನ್ನಾದರೂ ಪೂರೈಸಿರಬೇಕು ಎಂಬ ನಿಯಮ ಜಾರಿಗೆ ಬಂತು. ತೆರೆಯ ಮೇಲೆ ಯಾರಿದ್ದಾರೆ ಎಂಬುದು ಅದರಲ್ಲಿ ಒಂದು. ನಿರ್ದೇಶನ, ಸಂಕಲನ, ಛಾಯಾಗ್ರಹಣದಂಥ ಜಾಗಗಳಲ್ಲಿ ಯಾರಿದ್ದಾರೆ, ಹೊಸಬರಿಗೆ ತರಬೇತಿ ಸಿಗುತ್ತಿದೆಯೇ, ಪ್ರಚಾರ ನೋಡಿಕೊಳ್ಳುವವರು ಯಾರು ಎಂಬುವು ಉಳಿದವು. ಕ್ಯಾಮೆರಾದ ಹಿಂದಿನವರನ್ನೂ ಲೆಕ್ಕಕ್ಕೆ ತಂದದ್ದು ಒಳ್ಳೆಯದೇ. ಅಲ್ಲಿ ಜನಾಂಗ, ಲಿಂಗ, ಲೈಂಗಿಕ ಒಲವು, ಅಂಗವೈಕಲ್ಯ ಲೆಕ್ಕಕ್ಕೆ ಬರುತ್ತವೆ. ಜಾತಿಯ ಕಾಲಂ ಇಲ್ಲ. ಅಲ್ಲಿ ಇರಬೇಕೆಂದು ಕೇಳುವುದೂ ಸರಿಯಲ್ಲ. ಆದರೆ ಆ ಕೋಷ್ಟಕವನ್ನು ಹಾಗೇ ತಂದು ನಮ್ಮ ಟಿವಿಯ ಮುಂದಿಟ್ಟರೆ, ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೇ ಕೈಬಿಟ್ಟುಹೋಗುತ್ತದೆ.

ಕೈಬಿಟ್ಟುಹೋಗಲು ಇನ್ನೊಂದು ಕಾರಣವೂ ಉಂಟು. ನಮ್ಮ ಧಾರಾವಾಹಿಯ ನಾಯಕ ತನ್ನ ಜಾತಿ ಹೇಳಿಕೊಳ್ಳುವುದಿಲ್ಲ. ಹೇಳುವ ಅಗತ್ಯವೇ ಇಲ್ಲ, ಅದನ್ನು ಮನೆ ಹೇಳುತ್ತದೆ. ದೇವರಮನೆಯ ಬಾಗಿಲು, ಅಜ್ಜಿ ಉಟ್ಟ ಸೀರೆಯ ರೀತಿ, ಮದುವೆಯ ಶಾಸ್ತ್ರ, ಹಬ್ಬದೆಲೆಯ ಮೇಲಿನ ಅಡುಗೆ ಎಲ್ಲವೂ ಹೇಳುತ್ತವೆ. ಹಳೇ ಮೈಸೂರು ಕಡೆ ಯುಗಾದಿಯ ಮರುದಿನ ಹೊಸತೊಡಕು. ಬೆಳಗಿನ ಜಾವದಿಂದಲೇ ಮಟನ್ ಅಂಗಡಿ ಮುಂದೆ ಸಾಲು ಹನುಮಂತನ ಬಾಲದಂತೆ ಬೆಳೆಯುತ್ತದೆ, ಮನೆಮನೆಯಲ್ಲೂ ಮಸಾಲೆ ರುಬ್ಬುವ ವಾಸನೆ. ಅದೇ ವಾರ ಟಿವಿ ಹಚ್ಚಿದರೆ ಬೇವುಬೆಲ್ಲ ಇದೆ, ಒಬ್ಬಟ್ಟಿದೆ, ರೇಷ್ಮೆ ಸೀರೆಯಿದೆ. ಹೊಸತೊಡಕಿನ ಬಾಡೂಟದ ಎಲೆ ಹಾಸಿದ ಧಾರಾವಾಹಿಯನ್ನು ನಾನಂತೂ ನೋಡಿಲ್ಲ. ನೋಡುವವರಲ್ಲಿ ಎಷ್ಟೋ ಜನ ಆಗ ತಾನೇ ಬಾಡೂಟ ಮುಗಿಸಿ, ಕೈ ತೊಳೆದು ಸೋಫಾದ ಮೇಲೆ ಕೂತವರು. ಇದು ಯಾರೋ ಹೊಂಚು ಹಾಕಿ ಮಾಡಿದ್ದಲ್ಲ. ‘ಎಲ್ಲರಿಗೂ ನಡೆಯುವ ಮನೆ’ ಎಂದರೆ ಇಂಥದ್ದೇ ಎಂಬ ಅಚ್ಚೊಂದು ಸೆಟ್ಟಿನಲ್ಲಿ ಯಾವತ್ತೋ ಕೂತುಬಿಟ್ಟಿದೆ. ಆಮೇಲೆ ಬಂದ ಆರ್ಟ್ ಡೈರೆಕ್ಟರುಗಳೆಲ್ಲ ಅದೇ ಅಚ್ಚಿನಲ್ಲಿ ಎರಕ ಹೊಯ್ಯುತ್ತ ಬಂದರು.

ಎಣಿಕೆಗೆ ಯಾವುದು ದಕ್ಕುತ್ತದೆ, ಯಾವುದು ದಕ್ಕುವುದಿಲ್ಲ ಎಂದು ನೋಡಲು ದೂರದರ್ಶನಕ್ಕೆಂದೇ ಮಾಡಿದ ಒಂದು ಹಳೆಯ ಟೆಲಿಚಿತ್ರವನ್ನು ತೆಗೆದುಕೊಳ್ಳುತ್ತೇನೆ. ಸತ್ಯಜಿತ್ ರಾಯ್ 1981ರಲ್ಲಿ ಮಾಡಿದ ‘ಸದ್ಗತಿ’. ಒಂದು ಗಂಟೆಗೂ ಕಡಿಮೆ ಅವಧಿ. ಹಿಂದಿ ಲೇಖಕ ಪ್ರೇಮಚಂದರ 1930ರ ದಶಕದ ಆರಂಭದ ಸಣ್ಣಕಥೆ, ಅವರ ಮಗ ಅಮೃತ್ ರಾಯ್ ಕೈಜೋಡಿಸಿದ ಸಂಭಾಷಣೆ, ಛತ್ತೀಸಗಢದ ಹಳ್ಳಿಯಲ್ಲಿ ಚಿತ್ರೀಕರಣ. ಚರ್ಮದ ಕೆಲಸದ ಜಾತಿಯ ದುಖಿ ಮಗಳ ನಿಶ್ಚಿತಾರ್ಥಕ್ಕೆ ಮುಹೂರ್ತ ಕೇಳಲು ಪಂಡಿತ ಘಾಸಿರಾಮನ ಮನೆಗೆ ಹೋಗುತ್ತಾನೆ. ಪಂಡಿತ ಬರುತ್ತೇನೆ ಎನ್ನುತ್ತಾನೆ, ಅದಕ್ಕೆ ಮುಂಚೆ ಅಂಗಳ ಗುಡಿಸು, ಹೊಟ್ಟು ಹೊತ್ತು ಹಾಕು, ಆ ಮರದ ಕೊರಡು ಸೀಳು ಎನ್ನುತ್ತಾನೆ. ಜ್ವರದಿಂದ ಎದ್ದ ಮೈ, ಹೊಟ್ಟೆಯಲ್ಲಿ ಏನಿಲ್ಲ. ಕೊರಡು ಸೀಳುತ್ತಲೇ ದುಖಿ ಸಾಯುತ್ತಾನೆ. ದುಖಿಯಾಗಿ ಓಂ ಪುರಿ, ಹೆಂಡತಿ ಝುರಿಯಾ ಆಗಿ ಸ್ಮಿತಾ ಪಾಟೀಲ್, ಪಂಡಿತನಾಗಿ ಮೋಹನ್ ಆಗಾಶೆ.

ಪಟ್ಟಿ ಹಿಡಿದು ನೋಡಿದರೆ ಚಿತ್ರಕ್ಕೆ ಸಿಗುವ ಅಂಕ ಅಷ್ಟಕ್ಕಷ್ಟೆ. ಓಂ ಪುರಿಯಾಗಲಿ ಸ್ಮಿತಾ ಪಾಟೀಲರಾಗಲಿ ದಲಿತರಾಗಿ ಹುಟ್ಟಿದವರಲ್ಲ. ನಿರ್ದೇಶಕ ಕೊಲ್ಕತ್ತೆಯ ಬ್ರಹ್ಮಸಮಾಜದ ಸುಸಂಸ್ಕೃತ ಮನೆತನದವರು. ಹಿಂದಿ ಅವರ ಮನೆಮಾತಲ್ಲ. ಮೂಲ ಲೇಖಕ ಕಾಯಸ್ಥ. ಆ ಮಣ್ಣಿನವರೇ ಮಾಡಿದ ಪಾತ್ರವೆಂದು ಗಮನ ಸೆಳೆಯುವುದು ಗೊಂಡ ಬುಡಕಟ್ಟಿನ ಹಿರಿಯನದು. ಅದನ್ನು ಮಾಡಿದವರು ಛತ್ತೀಸಗಢದ ಜನಪದ ಗಾಯಕ ಭೈಯಾಲಾಲ್ ಹೇಡಾವು. ತೆರೆಯ ಮೇಲೆ ಅವರಿರುವುದು ಸ್ವಲ್ಪ ಹೊತ್ತು ಮಾತ್ರ.

ಆದರೆ ಚಿತ್ರ ನೋಡಿದವರಿಗೆ ಆ ಅಂಕಪಟ್ಟಿ ಒಪ್ಪಿಗೆಯಾಗುವುದಿಲ್ಲ. ಕೊನೆಯ ದೃಶ್ಯವನ್ನೇ ತೆಗೆದುಕೊಳ್ಳಿ. ಹೆಣ ಅಲ್ಲೇ ಬಿದ್ದಿದೆ. ಅವನ ಕೇರಿಯವರು ಬಂದು ಎತ್ತುವುದಿಲ್ಲ. ಪಂಡಿತ ಮುಟ್ಟುವಂತಿಲ್ಲ, ಬಿಡುವಂತೆಯೂ ಇಲ್ಲ. ಬೆಳಕು ಹರಿಯುವ ಮುಂಚೆ ಪಂಡಿತ ಒಬ್ಬನೇ ಹೊರಬರುತ್ತಾನೆ. ಕೋಲಿನಿಂದ ಹೆಣದ ಕಾಲು ಎತ್ತಿ, ಕೈ ತಾಗದಂತೆ ಹಗ್ಗದ ಕುಣಿಕೆ ತೂರಿಸಿ, ಬಿಗಿದು, ಎಳೆಯಲು ಶುರು ಮಾಡುತ್ತಾನೆ. ರಾಯ್ ಇಲ್ಲಿ ಆತುರ ಮಾಡುವುದಿಲ್ಲ. ಕುಣಿಕೆ ಸರಿಯಾಗಿ ಕೂರಲು ಹಿಡಿಯುವಷ್ಟು ಹೊತ್ತು ಹಿಡಿಯುತ್ತದೆ. ಎಳೆಯುವವನ ಉಸಿರು ಕಟ್ಟುತ್ತದೆ, ಜನಿವಾರದ ಮೈ ಬೆವರುತ್ತದೆ. ಸತ್ತ ದನ ಎಸೆಯುವ ಜಾಗದವರೆಗೆ ಎಳೆದು, ವಾಪಸು ಬಂದು ನೀರು ಚಿಮುಕಿಸಿ ಶುದ್ಧಿ ಮಾಡುತ್ತಾನೆ. ಜೀವಮಾನದಲ್ಲಿ ಒಂದೇ ಒಂದು ಮೈಮುರಿವ ಕೆಲಸ ಮಾಡಿದ್ದು ಅದೊಂದೇ ಇರಬೇಕು. ಅಸ್ಪೃಶ್ಯತೆ ಎಂದರೆ ಏನು ಎಂದು ಪಾಠ ಮಾಡುವ ಒಂದು ಮಾತೂ ಅಲ್ಲಿಲ್ಲ. ಕೋಲು, ಹಗ್ಗ, ಅವೆರಡರ ನಡುವಿನ ಅಂತರ, ಅಷ್ಟೇ. ಜಾತಿಯನ್ನು ಕ್ಯಾಮೆರಾ ಅನುಭವಿಸುವವನ ಕಡೆಯಿಂದ ಮಾತ್ರವಲ್ಲ, ಆಚರಿಸುವವನ ಕಡೆಯಿಂದಲೂ ನೋಡಿತು. ದಲಿತರನ್ನು ತೋರಿಸಿ ಅನುಕಂಪ ಗಿಟ್ಟಿಸುವ ಎಷ್ಟೋ ಚಿತ್ರಗಳಲ್ಲಿ ಮೇಲ್ಜಾತಿಯ ಖಳ ಮೀಸೆ ತಿರುವುವ ಗೌಡನೋ ಜಮೀನ್ದಾರನೋ ಆಗಿರುತ್ತಾನೆ. ಇಲ್ಲಿ ಅವನೊಬ್ಬ ಸಾಧಾರಣ ಗೃಹಸ್ಥ. ಊಟ ಮಾಡುತ್ತಾನೆ, ಮಧ್ಯಾಹ್ನ ಮಲಗುತ್ತಾನೆ.

ಮನೆಯ ಪ್ರಶ್ನೆಗೂ ಚಿತ್ರದಲ್ಲಿ ಉತ್ತರವಿದೆ. ದುಖಿಗೆ ಮನೆ ಇದೆ. ಪಂಡಿತನ ಅಂಗಳಕ್ಕೆ ಬರುವ ಮುಂಚೆ ಅವನನ್ನು ನಾವು ಅವನ ಗುಡಿಸಲಿನಲ್ಲೇ ಕಂಡಿರುತ್ತೇವೆ: ಹೆಂಡತಿಯ ಜೊತೆ ಮಾತು, ಮಗಳು, ಪಂಡಿತ ಬಂದರೆ ಕೂರಿಸುವುದು ಎಲ್ಲಿ, ಕೊಡುವುದೇನು ಎಂಬ ತಲೆಬಿಸಿ. ಹಾಗಾಗಿ ಅವನು ಸತ್ತಾಗ ಸತ್ತದ್ದು ‘ಒಬ್ಬ ದಲಿತ’ ಅಲ್ಲ, ಆ ಮನೆಯ ಯಜಮಾನ. ಮಳೆಯಲ್ಲಿ ಝುರಿಯಾ ಬಂದು ಹೆಣದ ಮೇಲೆ ಬಿದ್ದು ಅತ್ತು, ಮುಚ್ಚಿದ ಬಾಗಿಲಿಗೆ ಕೂಗಿ ಕೇಳುವಾಗ ಆ ಮನೆ ನಮ್ಮ ಕಣ್ಣ ಮುಂದಿರುತ್ತದೆ.

ಇಷ್ಟು ಹೊಗಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಕಥೆಯಲ್ಲಿ ದುಖಿ ಚಿಲುಮೆಗೆ ಬೆಂಕಿ ಕೇಳಲು ಪಂಡಿತನ ಮನೆಯೊಳಗೆ ಕಾಲಿಡುತ್ತಾನೆ. ಪಂಡಿತನ ಹೆಂಡತಿ ಇಕ್ಕುಳದಿಂದ ಕೆಂಡ ಎಸೆಯುತ್ತಾಳೆ, ಕಿಡಿ ಅವನ ತಲೆಯ ಮೇಲೆ ಬೀಳುತ್ತದೆ. ಬ್ರಾಹ್ಮಣನ ಮನೆ ಮೈಲಿಗೆ ಮಾಡಿದ್ದಕ್ಕೆ ದೇವರು ಕೂಡಲೇ ಕೊಟ್ಟ ಶಿಕ್ಷೆ ಇದು ಎಂದುಕೊಳ್ಳುತ್ತಾನೆ ದುಖಿ. ಸಿಟ್ಟು ಬರುವುದೇ ಇಲ್ಲ ಅವನಿಗೆ. ಪ್ರಶ್ನೆ ಕೇಳುವ ಕೆಲಸವೆಲ್ಲ ಗೊಂಡನದು. ‘ಸರ್ಕಾರಿ ಸಾಹೇಬನೂ ಬಿಟ್ಟಿ ಮಾಡಿಸಿಕೊಂಡರೆ ಒಂದಿಷ್ಟು ಕೂಲಿ ಕೊಡುತ್ತಾನೆ, ಇವನು ಊಟಕ್ಕೂ ಕೇಳಲಿಲ್ಲವಲ್ಲ’ ಎಂಬರ್ಥದ ಮಾತು ಅವನ ಬಾಯಲ್ಲೇ ಬರಬೇಕು. ಹೆಣ ಎತ್ತಬೇಡಿ, ಪೊಲೀಸ್ ತನಿಖೆಯಾಗುತ್ತದೆ ಎಂದು ಕೇರಿಗೆ ಹೋಗಿ ಎಚ್ಚರಿಸುವವನೂ ಅವನೇ. ಕೇರಿಯವರ ನಿರಾಕರಣೆ, ಅಂದರೆ ಇಡೀ ಕಥೆಯ ಒಂದೇ ಒಂದು ‘ಇಲ್ಲ’, ಹೊರಗಿನವನೊಬ್ಬ ಹೇಳಿಕೊಟ್ಟದ್ದಾಗಿ ಬರುತ್ತದೆ. ಪ್ರೇಮಚಂದರ ಬಗ್ಗೆ ಹಿಂದಿಯ ದಲಿತ ಬರಹಗಾರರಿಗೆ ಇರುವ ತಕರಾರು ಇಂಥ ಕಡೆಯೇ. ಅದು ಬರೀ ವಿಮರ್ಶೆಯ ಪುಟಗಳಲ್ಲಿ ಉಳಿಯಲಿಲ್ಲ. 2004ರಲ್ಲಿ ದೆಹಲಿಯಲ್ಲಿ ಒಂದು ದಲಿತ ಸಾಹಿತ್ಯ ಸಂಘಟನೆ ಅವರ ‘ರಂಗಭೂಮಿ’ ಕಾದಂಬರಿಯ ಪ್ರತಿಗಳನ್ನು ಸುಟ್ಟಿತು. ಪುಸ್ತಕ ಸುಡುವುದು ನನಗೆ ಒಪ್ಪಿಗೆಯಿಲ್ಲ, ಆ ಸಿಟ್ಟು ಎಲ್ಲಿಂದ ಬಂತು ಎಂಬುದು ಅರ್ಥವಾಗುತ್ತದೆ. ನಮ್ಮ ಬಗ್ಗೆ ಬರೆದಿರಿ, ಸರಿ. ನಮ್ಮನ್ನು ಸಾಯಿಸುವುದಕ್ಕಷ್ಟೇ ಕರೆದಿರಾ?

‘ಸದ್ಗತಿ’ ಬಂದ ಹೆಚ್ಚುಕಡಿಮೆ ಅದೇ ಹೊತ್ತಿನಲ್ಲಿ ಕನ್ನಡದಲ್ಲಿ ಏನಾಗುತ್ತಿತ್ತು ನೋಡಿ. ದೇವನೂರ ಮಹಾದೇವರ ಕಿರುಕಾದಂಬರಿ ‘ಒಡಲಾಳ’ ಓದಿದವರಿಗೆ ಸಾಕವ್ವನ ಮನೆಯ ಆ ಕಡಲೆಕಾಯಿಯ ರಾತ್ರಿ ಮರೆಯುವುದಿಲ್ಲ. ಕದ್ದು ತಂದ ಮೂಟೆಯ ಸುತ್ತ ಇಡೀ ಸಂಸಾರ ಬೆಂಕಿ ಹಾಕಿಕೊಂಡು ಕೂತು ಸುಲಿದು ಸುಲಿದು ತಿನ್ನುತ್ತದೆ, ಬೆಳಗಾಗುವುದರೊಳಗೆ ಗುರುತೇ ಉಳಿಯದಂತೆ. ಅಲ್ಲೂ ಹಸಿವಿದೆ, ಪೊಲೀಸಿದ್ದಾರೆ, ಸಾವುಕಾರನಿದ್ದಾನೆ. ದುಖಿಯ ಲೋಕಕ್ಕಿಂತ ಸುಖದ ಲೋಕವೇನೂ ಅಲ್ಲ. ಆದರೆ ಅಲ್ಲಿನವರು ನಗುತ್ತಾರೆ, ಜಗಳ ಆಡುತ್ತಾರೆ, ಒಬ್ಬರನ್ನೊಬ್ಬರು ರೇಗಿಸುತ್ತಾರೆ, ಹೊಟ್ಟೆ ತುಂಬ ತಿಂದು ತೇಗುತ್ತಾರೆ. ಒಳಗಿನವನು ಬರೆದಾಗ ಸಿಕ್ಕ ಹೆಚ್ಚುವರಿ ಏನು ಎಂದರೆ ಇದು. ನೋವನ್ನು ಹೊರಗಿನ ಒಳ್ಳೆಯ ಕಲಾವಿದನೂ ಚೆನ್ನಾಗಿ ಕಾಣಬಲ್ಲ, ರಾಯ್ ಕಂಡರು. ಕಡಲೆಕಾಯಿಯ ರುಚಿ ಗೊತ್ತಿರುವುದು ಬೆಂಕಿಯ ಸುತ್ತ ಕೂತವನಿಗೆ.

ಹಾಗಾಗಿ ಒಂದು ಟಿವಿ ನಾಟಕವನ್ನು ಈ ಕಣ್ಣಿನಿಂದ ನೋಡುವಾಗ ಎಷ್ಟು ಜನ ಇದ್ದಾರೆ ಎಂಬುದಕ್ಕಿಂತ ಅವರಿಗೆ ಏನೇನು ಮಾಡಲು ಬಿಟ್ಟಿದ್ದಾರೆ ಎಂಬುದನ್ನು ನಾನು ಮೊದಲು ನೋಡುತ್ತೇನೆ. ಮನೆ ಇದೆಯೇ, ಉಣ್ಣುತ್ತಾರೆಯೇ, ಬೇಡ ಎನ್ನುತ್ತಾರೆಯೇ. ತಪ್ಪು ಮಾಡಿಯೂ ಕಥೆಯಲ್ಲಿ ಉಳಿಯುತ್ತಾರೆಯೇ ಎಂಬುದಂತೂ ನಮ್ಮಲ್ಲಿ ತೀರಾ ಅಪರೂಪ. ನಾಯಕಿಯ ಅತ್ತೆ ನೂರು ಸಲ ವಿಷ ಬೆರೆಸಿ ನೂರಾ ಒಂದನೇ ಸಲ ಕ್ಷಮೆ ಪಡೆಯುತ್ತಾಳೆ, ಕೆಲಸದವಳು ಒಂದು ಬಳೆ ಕದ್ದರೆ ಅವತ್ತಿಗೇ ಪಾತ್ರ ಖಲ್ಲಾಸ್.

ಇದರಲ್ಲೇ ಮುಖ್ಯವಾದ ಒಂದು ಎಳೆ ನಮ್ಮೂರಿನದು. 2020ರ ಲಾಕ್‌ಡೌನ್‌ನಲ್ಲಿ ಶೂಟಿಂಗ್ ನಿಂತು ವಾಹಿನಿಗಳು ಮೊದಲೇ ಮಾಡಿಟ್ಟುಕೊಂಡಿದ್ದ ಎಪಿಸೋಡುಗಳೆಲ್ಲ ಖಾಲಿಯಾದವು. ದಶಕಗಳಿಂದ ಕನ್ನಡದಲ್ಲಿ ಡಬ್ಬಿಂಗ್‌ಗೆ ಅಘೋಷಿತ ನಿಷೇಧವಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅದು ಕಾನೂನಿಗೆ ವಿರುದ್ಧ ಎಂದು ತೀರ್ಪು ಕೊಟ್ಟಿದ್ದರೂ ಟಿವಿಯವರು ಹಿಂದುಮುಂದು ನೋಡುತ್ತಿದ್ದರು. ಲಾಕ್‌ಡೌನ್ ಆ ಬಾಗಿಲನ್ನು ಸದ್ದಿಲ್ಲದೆ ತೆಗೆಯಿತು. ಮಹಾಭಾರತ ಬಂತು, ರಾಧಾಕೃಷ್ಣ ಬಂತು. ಜೀ ಕನ್ನಡದಲ್ಲಿ ವಾರಾಂತ್ಯದ ಸಂಜೆ ‘ಮಹಾನಾಯಕ’ ಬಂತು, ಡಾ. ಬಿ.ಆರ್. ಅಂಬೇಡ್ಕರ್ ಜೀವನದ ಹಿಂದಿ ಧಾರಾವಾಹಿಯ ಕನ್ನಡ ರೂಪ.

ಆಮೇಲೆ ನಡೆದದ್ದನ್ನು ಟಿಆರ್‌ಪಿ ಒಂದರಿಂದಲೇ ಅಳೆಯಲು ಆಗುವುದಿಲ್ಲ. ಹಳ್ಳಿಗಳ ಕೇರಿಗಳಲ್ಲಿ, ಬಸ್ ನಿಲ್ದಾಣದ ಎದುರು, ಕಟ್ಟೆಗಳ ಪಕ್ಕ ಫ್ಲೆಕ್ಸುಗಳು ಎದ್ದವು. ಧಾರಾವಾಹಿಯೊಂದಕ್ಕೆ ಜನ ತಮ್ಮ ಕೈಯಿಂದ ದುಡ್ಡು ಹಾಕಿ ಫ್ಲೆಕ್ಸ್ ಕಟ್ಟಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಸಿನಿಮಾ ನಾಯಕರಿಗೆ, ರಾಜಕಾರಣಿಯ ಹುಟ್ಟುಹಬ್ಬಕ್ಕೆ, ಊರಹಬ್ಬಕ್ಕೆ ಕಟ್ಟುತ್ತಾರೆ. ಇಲ್ಲಿ ಕಟ್ಟಿದ್ದು ಶಾಲೆಯ ಹೊರಗೆ ಕೂತು ಪಾಠ ಕೇಳುವ ಒಬ್ಬ ಹುಡುಗನಿಗೆ. ಧಾರಾವಾಹಿ ನಿಲ್ಲಿಸಿ ಎಂದು ರಾತ್ರಿ ಹೊತ್ತು ಬೆದರಿಕೆ ಕರೆಗಳು ಬರುತ್ತಿವೆ ಎಂದು ವಾಹಿನಿಯ ಮುಖ್ಯಸ್ಥ ರಾಘವೇಂದ್ರ ಹುಣಸೂರು ಬಹಿರಂಗವಾಗಿಯೇ ಹೇಳಿದರು, ನಿಲ್ಲಿಸುವುದಿಲ್ಲ ಎಂದೂ ಹೇಳಿದರು. ಫ್ಲೆಕ್ಸುಗಳು ಇನ್ನಷ್ಟು ಹೆಚ್ಚಿದವು.

ಕಲೆಯ ಮಟ್ಟದಲ್ಲಿ ‘ಮಹಾನಾಯಕ’ವನ್ನು ‘ಸದ್ಗತಿ’ಯ ಪಕ್ಕ ಇಡಲು ಆಗುವುದಿಲ್ಲ. ಹಿನ್ನೆಲೆ ಸಂಗೀತ ಕಿವಿ ಹಿಂಡುತ್ತದೆ, ಒಂದೇ ಮುಖಕ್ಕೆ ಮೂರು ಸಲ ಜೂಮು, ಡಬ್ಬಿಂಗಿನ ತುಟಿ ಒಂದು ದಿಕ್ಕು ಮಾತು ಒಂದು ದಿಕ್ಕು. ಆದರೆ ಮನೆಯ ಪ್ರಶ್ನೆಗೆ ಅದರ ಉತ್ತರ ಗಟ್ಟಿ. ಅಂಬೇಡ್ಕರರ ತಂದೆ ರಾಮಜಿ ಸಕ್ಪಾಲರ ಮನೆ ಅಲ್ಲಿ ಕಥೆಯ ನಡುಮನೆ. ಅಪ್ಪ ಮಗನಿಗೆ ಓದಿಸುತ್ತಾನೆ, ಅಮ್ಮ ಬಡಿಸುತ್ತಾಳೆ, ಮಕ್ಕಳು ಆಡುತ್ತಾರೆ. ಅವಮಾನ ಹೊರಗಿನಿಂದ ಆ ಮನೆಗೆ ಬಡಿಯುತ್ತದೆ. ಹುಡುಗ ಪ್ರಶ್ನೆ ಕೇಳುತ್ತಾನೆ, ಎದುರು ನಿಲ್ಲುತ್ತಾನೆ. ಕಥೆಯ ಕೊನೆ ಏನು ಎಂದು ನೋಡುವವರಿಗೆಲ್ಲ ಮೊದಲೇ ಗೊತ್ತು, ಅವನು ಸಾಯುವುದಿಲ್ಲ, ಸಂವಿಧಾನ ಬರೆಯುತ್ತಾನೆ. ದುಖಿಯನ್ನು ನೋಡಿ ಮರುಗಿದವರು ಬೇರೆ, ಭೀಮನನ್ನು ನೋಡಿ ಫ್ಲೆಕ್ಸ್ ಕಟ್ಟಿದವರು ಬೇರೆ. ಮೊದಲನೆಯದು ಅಸ್ಪೃಶ್ಯತೆ ಆಚರಿಸುವವರಿಗೆ ಹಿಡಿದ ಕನ್ನಡಿ. ಎರಡನೆಯದು ಅದನ್ನು ಅನುಭವಿಸಿದವರು ತಮ್ಮ ಮನೆಮಂದಿಯ ಜೊತೆ ಕೂತು ನೋಡಿದ ಕಥೆ. ಪ್ರಾತಿನಿಧ್ಯ ಎಂಬ ಒಂದೇ ಪದದಡಿ ಈ ಎರಡನ್ನೂ ತುರುಕುವುದರಿಂದಲೇ ನಮ್ಮ ಚರ್ಚೆಗಳು ಹಾದಿ ತಪ್ಪುತ್ತವೆ ಎಂದು ನನ್ನ ಅನುಮಾನ.

ಇಲ್ಲಿ ಹೇಳದೆ ಬಿಡಲಾಗದ ಒಂದು ಮುಜುಗರವೂ ಇದೆ. ಇಷ್ಟು ಜನ ಕಾದು ಕೂತಿದ್ದ ಕಥೆಯನ್ನು ಕನ್ನಡದ ತಂಡವೊಂದು ಬರೆದು ಕೊಡಲಿಲ್ಲ. ಹಿಂದಿಯಲ್ಲಿ ಆದದ್ದು ಡಬ್ ಆಗಿ ಬರಬೇಕಾಯಿತು. ಡಬ್ಬಿಂಗ್ ಬಂದರೆ ನಮ್ಮ ಸಂಸ್ಕೃತಿ ಹಾಳಾಗುತ್ತದೆ ಎಂದು ಮೂರು ಹೊತ್ತೂ ಹೇಳುತ್ತಿದ್ದ ಉದ್ಯಮ, ಆ ಸಂಸ್ಕೃತಿಯೊಳಗೆ ಯಾರ್ಯಾರ ಮನೆ ಸೇರಿದೆ ಎಂದು ಒಮ್ಮೆಯಾದರೂ ನೋಡಿಕೊಳ್ಳಬಹುದಿತ್ತು.

ಕನ್ನಡ ಟಿವಿಯನ್ನು ಅಳೆಯಲು ಕಣ್ಣಿಗಿಂತ ಕಿವಿ ಹೆಚ್ಚು ನಂಬಿಕಸ್ತ. ನೀಲವ್ವನ ‘ರೀ’ಗೆ ವಾಪಸು ಬರುತ್ತೇನೆ. ಈ ರಾಜ್ಯದಲ್ಲಿ ಟಿವಿ ಶುರುವಾದದ್ದು ಬೆಂಗಳೂರಿನಲ್ಲಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ಅಮೆರಿಕದ ಉಪಗ್ರಹದ ಮೂಲಕ ದೇಶದ ಆರು ರಾಜ್ಯಗಳ 2400 ಹಳ್ಳಿಗಳಿಗೆ ಶೈಕ್ಷಣಿಕ ಕಾರ್ಯಕ್ರಮ ಬಿತ್ತರಿಸುವ ‘ಸೈಟ್’ ಪ್ರಯೋಗ ನಡೆಯಿತು. ಕರ್ನಾಟಕದಿಂದ ಅದಕ್ಕೆ ಸೇರಿದ್ದು ಆಗಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು. ಗುಲ್ಬರ್ಗಕ್ಕೆ 1977ರಲ್ಲೇ ದೂರದರ್ಶನದ ಕೇಂದ್ರ ಬಂತು. ಬೆಂಗಳೂರಿಗೆ ಬಂದದ್ದು 1981ರಲ್ಲಿ. ಕರ್ನಾಟಕದ ಹಳ್ಳಿಯವರಲ್ಲಿ ಮೊದಲು ಟಿವಿ ಮುಂದೆ ಕೂತವರು ‘ಹೌದಲ್ಲೋ’, ‘ಬಂದೇನ್ರೀ’ ಎನ್ನುವವರು. ಈಗ ಅದೇ ಟಿವಿಯೊಳಗೆ ಆ ಮಾತು ಬಂದರೆ ಬಹುತೇಕ ನಗಿಸುವುದಕ್ಕೆ ಬರುತ್ತದೆ. ಅಡುಗೆಯವಳಿಗೆ, ಡ್ರೈವರಿಗೆ, ಸೆಕ್ಯುರಿಟಿಯವನಿಗೆ ಬರುತ್ತದೆ. ಪ್ರೀತಿ ಹೇಳಿಕೊಳ್ಳಲು, ಆಸ್ತಿ ಪತ್ರಕ್ಕೆ ಸಹಿ ಹಾಕಲು ಬೆಂಗಳೂರು-ಮೈಸೂರಿನ ನಯ ಮಾಡಿದ ಕನ್ನಡವೇ ಆಗಬೇಕು. ‘ಗಿಣಿರಾಮ’ದಂತೆ ಇಡೀ ಕಥೆ ಆ ಕಡೆಯ ಮಾತಿನಲ್ಲೇ ನಡೆದ ಧಾರಾವಾಹಿಗಳೂ ಬಂದಿವೆ. ಅವನ್ನು ನೋಡುವಾಗ ಹತ್ತು ನಿಮಿಷದಲ್ಲಿ ‘ಭಾಷೆ’ ಮರೆತುಹೋಗಿ ಕಥೆ ಮಾತ್ರ ಉಳಿಯುತ್ತದೆ. ಒಬ್ಬಳೇ ಮಾತಾಡಿದರೆ ಕಾಮಿಡಿಯಾಗುವ ಮಾತು ಮನೆಮಂದಿಯೆಲ್ಲ ಆಡಿದರೆ ಬರೀ ಮಾತು. ಕುಂದಾಪುರ, ಕೊಡಗು, ಕೋಲಾರದವರು ಇನ್ನೂ ತಮ್ಮ ಸರದಿ ಕಾಯುತ್ತಿದ್ದಾರೆ. ಮನೆಯಲ್ಲಿ ದಖನಿ ಉರ್ದು, ಬೀದಿಯಲ್ಲಿ ಕನ್ನಡ ಆಡುವ ಮುಸ್ಲಿಂ ಮನೆಗಳ ಕಥೆ ಧಾರಾವಾಹಿಯ ಮಟ್ಟಿಗೆ ಇಲ್ಲವೆಂದೇ ಹೇಳಬೇಕು. ಅವರು ಬಂದರೆ ರಂಜಾನ್ ವಾರದಲ್ಲಿ ನಾಯಕಿಗೆ ಸಹಾಯ ಮಾಡುವ ಒಳ್ಳೆಯ ಚಾಚಾ ಆಗಿ ಬಂದು, ಸುರಕುಂಬದ ಪಾಯಸ ಕೊಟ್ಟು ಹೋಗುತ್ತಾರೆ.

ಅಂಗವಿಕಲರ ಮಟ್ಟಿಗೆ ಈಗ ಒಂದು ಅಳತೆಗೋಲು ಕಾನೂನಿನ ಕಡೆಯಿಂದಲೇ ಸಿಕ್ಕಿದೆ. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಒಂದು ಹಿಂದಿ ಚಿತ್ರದ ವಿರುದ್ಧದ ಅರ್ಜಿಯಲ್ಲಿ ಚಿತ್ರಕ್ಕೆ ಕತ್ತರಿ ಹಾಕಲು ಒಪ್ಪಲಿಲ್ಲ. ಆದರೆ ಅಂಗವೈಕಲ್ಯವನ್ನು ಅರ್ಥ ಮಾಡಿಸುವ ಹಾಸ್ಯ ಬೇರೆ, ಅಂಗವಿಕಲರನ್ನು ಕುಗ್ಗಿಸುವ ಹಾಸ್ಯ ಬೇರೆ ಎಂದು ಗೆರೆ ಎಳೆಯಿತು. ಅವರನ್ನು ಬಿಟ್ಟು ಅವರ ಬಗ್ಗೆ ಏನೂ ಬೇಡ ಎಂಬ ತತ್ವವನ್ನು ದೃಶ್ಯಮಾಧ್ಯಮಕ್ಕೂ ಅನ್ವಯಿಸಿತು. ನಾಯಕಿಯ ತ್ಯಾಗ ತೋರಿಸಲೆಂದೇ ವೀಲ್‌ಚೇರಿನಲ್ಲಿ ಕೂತಿರುವ ತಮ್ಮ, ನೂರೈವತ್ತನೇ ಕಂತಿಗೆ ಪವಾಡದಿಂದ ಎದ್ದು ನಡೆಯುವ ಅಪ್ಪ, ಇವರೆಲ್ಲ ಆ ಗೆರೆಯ ಯಾವ ಕಡೆ ಎಂದು ಬರೆಯುವವರು ಯೋಚಿಸಬೇಕಾಗುತ್ತದೆ.

ಯಾರ ಪಾತ್ರವನ್ನು ಯಾರು ಮಾಡಬೇಕು ಎಂಬ ಜಗಳ ಇನ್ನೂ ಬಿಸಿ. ಇದಕ್ಕೆ ಸೂತ್ರವಿದೆ ಎಂದು ನನಗೆ ಅನಿಸುವುದಿಲ್ಲ. ಟ್ರಾನ್ಸ್ ಮಹಿಳೆ ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆಯಿಂದ ಬಂದ ‘ನಾನು ಅವನಲ್ಲ ಅವಳು’ ಚಿತ್ರದಲ್ಲಿ ಸಂಚಾರಿ ವಿಜಯ್ ಮಾಡಿದ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು. ವಿಜಯ್ ಟ್ರಾನ್ಸ್ ಮಹಿಳೆಯಾಗಿರಲಿಲ್ಲ. ಆದರೂ ಆ ಪಾತ್ರದಲ್ಲಿ ಅಣಕದ ಸುಳಿವೂ ಇರಲಿಲ್ಲ. ಅದರ ಕಥೆ ಒಳಗಿನವರದು ಎಂಬುದು ಅದಕ್ಕೊಂದು ಕಾರಣ. ನನಗೆ ಕಾಡುವ ಪ್ರಶ್ನೆ ಪಾತ್ರ ಮಾಡಿದವರದಲ್ಲ, ಮಾಡದೆ ಉಳಿದವರದು. ಜೋಗತಿ ನೃತ್ಯದಲ್ಲಿ ಪಳಗಿದ, ಮೇಳ ಕಟ್ಟಿ ಊರೂರು ಸುತ್ತಿದ ಎಷ್ಟೊಂದು ಟ್ರಾನ್ಸ್ ಕಲಾವಿದರು ಈ ರಾಜ್ಯದಲ್ಲಿದ್ದಾರೆ. ಮಂಜಮ್ಮ ಜೋಗತಿ ಪದ್ಮಶ್ರೀ ಪಡೆದವರು, ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ ಆಡಳಿತವನ್ನೂ ನಡೆಸಿದರು. ಅವರಂಥವರನ್ನು ಟ್ರಾನ್ಸ್ ಪಾತ್ರಕ್ಕೇ ಕರೆಯಬೇಕೆಂದೇನಿದೆ? ಅತ್ತೆಯ ಪಾತ್ರಕ್ಕೆ ಕರೆಯಬಹುದು.

ಬರಹಗಾರರ ಕೋಣೆಯಲ್ಲಿ ಬೇರೆ ಬೇರೆ ಕೇರಿಯವರು ಇದ್ದರೆ ಇದರಲ್ಲಿ ಅರ್ಧ ತಾನಾಗಿ ಸರಿಹೋಗುತ್ತದೆ ಎಂದು ಹೇಳುತ್ತಾರೆ. ಹೌದು, ಅರ್ಧ. ಆ ಕೋಣೆಯಲ್ಲಿ ನಾನೂ ಇದ್ದೆ, ಉತ್ತರ ಕರ್ನಾಟಕದ ಅಜ್ಜಿಯ ಮೊಮ್ಮಗ. ಫೋನ್ ಬಂದಾಗ ಆ ಅಜ್ಜಿಯ ಮಾತನ್ನೇ ಕಾಮಿಡಿಗೆ ಹಾಕಿಕೊಟ್ಟವನೂ ನಾನೇ. ಮರುದಿನದ ಎಪಿಸೋಡ್ ತುಂಬಬೇಕಿತ್ತು, ಗುರುವಾರ ಟಿಆರ್‌ಪಿ ಬರುವುದಿತ್ತು. ಒಳಗೆ ಯಾರಿದ್ದಾರೆ ಎಂದು ಎಣಿಸುವಾಗ, ಫೋನ್ ಮಾಡುವ ಜಾಗದಲ್ಲಿ ಯಾರಿದ್ದಾರೆ ಎಂಬುದನ್ನೂ ಎಣಿಸಬೇಕು.

ಕಳೆದ ವರ್ಷ ಒಂದು ಮದುವೆಮನೆಯಲ್ಲಿ ಆ ನಟಿ ಸಿಕ್ಕಿದ್ದರು. ನಾನು ಬಿಟ್ಟ ಮೇಲೂ ಆ ಧಾರಾವಾಹಿ ಬಹಳ ದಿನ ನಡೆದಿತ್ತು, ನೀಲವ್ವ ಕೊನೆಯವರೆಗೂ ಇದ್ದಳಂತೆ.

‘ಕೊನೆಗೂ ಮನೆ ಸಿಕ್ತಾ ಮೇಡಂ?’ ಎಂದೆ.

ನಕ್ಕರು. ‘ಎಲ್ಲಿ ಸರ್! ಒಂದ್ಸಲ ಊರಿಗೆ ಹೋಗಿ ಬಂದೆ ಅಂತ ಒಂದು ಡೈಲಾಗ್ ಇತ್ತು. ಮೂರು ದಿನ ನಂಗೆ ಕಾಲ್‌ಶೀಟ್ ಇರ್ಲಿಲ್ಲ, ಅದಕ್ಕೆ.’